ಓದುಗರ ಸ್ಪಂದನ: ತಾತನ ಹಸು, ರಾತ್ರಿಯ ನಕ್ಷೆ

ಕಳೆದ ಸಂಚಿಕೆಯ ಪತ್ರ ನೆನಪಿರಬಹುದು. ಬರೆದವರು ಶಿರಾ ಕಡೆಯ 25 ವರ್ಷದ ಹೆಣ್ಣುಮಗಳು. ಬಿಎಸ್ಸಿ ಮುಗಿಸಿ, ಚಿಕ್ಕನಾಯಕನಹಳ್ಳಿ ತಾಲೂಕಿನ ಒಂದು ಕಾವಲಿನಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ಹುಲ್ಲು ಮತ್ತು ದನಗಳ ಸಂಶೋಧನೆಗೆ ಸಹಾಯಕಿಯಾಗಿ ಸೇರಿದ್ದಾರೆ. ಹನ್ನೊಂದು ತಿಂಗಳ ಗುತ್ತಿಗೆ. ಹಸುಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಎಲ್ಲೆಲ್ಲಿ ಮೇಯುತ್ತವೆ ಎಂದು ನಕ್ಷೆ ಮಾಡುವುದು ಕೆಲಸ. ಅಲ್ಲಿ ದನ ಕಾಯುವ ತಾತ ಒಬ್ಬರು ಇವರನ್ನು ಮೊಮ್ಮಗಳ ಹಾಗೆ ನೋಡಿಕೊಂಡಿದ್ದಾರೆ. ಅವರ ಹಸು ಬೇಸಿಗೆಯ ರಾತ್ರಿಗಳಲ್ಲಿ ಮೇಯಿಸಬಾರದು ಅಂತ ಬೇಲಿ ಹಾಕಿದ ನೆಡುತೋಪಿನೊಳಗೆ ಇರುವುದು ನಕ್ಷೆಯಲ್ಲಿ ಕಂಡಿದೆ. ಪಟ್ಟಿ ರಾತ್ರಿಯೂ ಕೆಲಸ ಮಾಡುತ್ತದೆ ಅಂತ ತಾತನಿಗೆ ಗೊತ್ತಿಲ್ಲ. ವರದಿ ಇಲಾಖೆಗೆ ಹೋಗುತ್ತದೆ. ‘ಆ ಚುಕ್ಕಿಗಳನ್ನು ಅಳಿಸಿಬಿಡಲೇ?’ ಎಂಬುದು ಅವರ ಪ್ರಶ್ನೆ.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ‘ದನ ಕಾಯೋಕೆ ಡಿಗ್ರಿ ಬೇಕಿತ್ತಾ ಅಂತ ಅಪ್ಪ ದಿನಾ ಕೇಳ್ತಾರೆ.’ ಬಂದ ಪತ್ರಗಳಲ್ಲಿ ಜಾಸ್ತಿ ಈ ಸಾಲಿಗೇ ಬಂದವು. ಅವುಗಳಲ್ಲಿ ಎರಡು ಸಾಕು ಎನಿಸಿತು.

*

ನಿಮ್ಮಪ್ಪ ಹೇಳೋದರಲ್ಲಿ ತಪ್ಪೇನಿದೆ ಮಗಳೇ? ಹನ್ನೊಂದು ತಿಂಗಳಾದ ಮೇಲೆ ಏನು? ಬಿಸಿಲಲ್ಲಿ ಅಲೆದು ಮೈ ಕಪ್ಪಾದರೆ ನಾಳೆ ನೋಡೋಕೆ ಬಂದವರು ಏನಂತಾರೆ? ನನ್ನ ಮಗಳೂ ಹೀಗೇ ಹಟ ಹಿಡಿದಿದ್ದಳು. ಬಿಎಡ್ ಮಾಡಿಸಿದೆ. ಈಗ ಮನೆ ಹತ್ತಿರದ ಸ್ಕೂಲಲ್ಲಿ ನೆಮ್ಮದಿಯಾಗಿದ್ದಾಳೆ. ನೀವೂ ಯೋಚನೆ ಮಾಡಿ.
— ಒಬ್ಬ ತಾಯಿ, ಚಿಂತಾಮಣಿ

*

ನಾಟಿ ಹಸು ಎಲ್ಲಿ ಮೇಯುತ್ತೆ ಅಂತ ಸಂಶೋಧನೆ ಮಾಡೋ ಕಾಲವೇ ಇದು? ನಮ್ಮ ಕೋಲಾರದಲ್ಲಿ ಸಾವಿರ ಅಡಿ ಬೋರು ಕೊರೆಸಿ ಹಸಿರು ಮೇವು ಬೆಳೀತೀವಿ. ನನ್ನ ಕೊಟ್ಟಿಗೆಯಲ್ಲಿ ಆರು ಸೀಮೆ ಹಸು ಇವೆ, ಒಂದೂ ಹೊರಗೆ ಹೋಗಲ್ಲ. ಡೇರಿಗೆ ಹಾಲು, ತಿಂಗಳಿಗೆ ಎರಡು ಸಲ ಬಟವಾಡೆ. ಆ ತಾತನಿಗೆ ಎರಡು ಎಚ್‌ಎಫ್ ಸೀಮೆ ಹಸು ಕೊಡಿಸಿ, ಸಮಸ್ಯೆ ಮುಗೀತು.
— ಹೈನುಗಾರ, ಮಾಲೂರು ತಾಲೂಕು

*

ಬೋರು ಕೊರೆಸುವ ಶಕ್ತಿ ಇಲ್ಲದವರೇ ಕಾವಲಿಗೆ ದನ ಹೊಡೆದುಕೊಂಡು ಹೋಗುವುದು ಎಂದು ನೆನಪಿಸಿ, ಪತ್ರದ ಪ್ರಶ್ನೆಗೆ ಬರೋಣ. ಮೊದಲು ಬಂದ ಉತ್ತರ ಅಂಚೆ ಕಾರ್ಡಿನಲ್ಲಿತ್ತು.

*

ಸಂಬಳ ತಗೊಂಡು ಸುಳ್ಳು ಲೆಕ್ಕ ಬರೆಯೋದಕ್ಕೆ ಹೊಸ ಹೆಸರು ಬೇಕಿಲ್ಲ. ಬರೆಯಿರಿ, ಇಲ್ಲವೇ ಬಿಡಿ.
— ನಿವೃತ್ತ ಲೆಕ್ಕಿಗ, ತುಮಕೂರು

*

ಇಷ್ಟು ಚೊಕ್ಕವಾಗಿ ಹೇಳಲು ಎಲ್ಲರಿಗೂ ಆಗುವುದಿಲ್ಲ. ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.

*

ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ನನ್ನಾಕೆ, ‘ಬರೆದಾದರೂ ಬಿಡಿ, ನಿದ್ದೆ ಬರುತ್ತೆ’ ಅಂದಳು.

2003ರ ಬರ. ಮಳೆ ಕೈಕೊಟ್ಟ ಮೂರನೇ ವರ್ಷ. ಆಗ ನಾನು ಡಿಗ್ರಿ ಮುಗಿಸಿ ಊರಲ್ಲಿ ಕೂತಿದ್ದೆ. ಮೇವಿನ ಸಮೀಕ್ಷೆಗೆ ಹುಡುಗರು ಬೇಕು ಅಂದರು, ದಿನಗೂಲಿ. ಉದ್ದನೆಯ ಹಾಳೆ ಕೊಟ್ಟರು. ಯಜಮಾನನ ಹೆಸರು, ಎತ್ತು ಎಷ್ಟು, ಹಸು ಎಷ್ಟು, ಕುರಿ ಮೇಕೆ ಎಷ್ಟು, ಬಣವೆ ಎಲ್ಲಿವರೆಗೆ ಬರುತ್ತೆ, ಆಮೇಲೆ ಎಲ್ಲಿ ಮೇಯಿಸ್ತೀರಿ. ಕೊನೆಯ ಕಾಲಂ ತುಂಬಿಸೋದು ಕಷ್ಟ, ಯಾರೂ ಹೇಳಲ್ಲ ಅಂತ ಮೊದಲೇ ಹೇಳಿದ್ದರು. ನನಗೆ ಹೇಳಿದರು. ನಾನು ಅದೇ ಊರಿನವನಲ್ವಾ.

ನಮ್ಮ ಓಣಿಯ ಕೊನೇ ಮನೆಯ ಅಜ್ಜ. ಒಂದು ಜೊತೆ ಎತ್ತು, ಒಂದು ಹಸು. ರಾಗಿ ಹುಲ್ಲು ಸಂಕ್ರಾಂತಿಗೇ ಮುಗಿದಿತ್ತು. ಗಿಡ ನೆಟ್ಟು ಮೇಯಿಸಬಾರದು ಅಂತ ಮಾಡಿದ್ದ ಗುಡ್ಡಕ್ಕೆ ಬೆಳಗಿನ ಜಾವ ಹೊಡೆದುಕೊಂಡು ಹೋಗುತ್ತಿದ್ದರು. ಅದನ್ನೆಲ್ಲ ನನ್ನ ಮುಂದೆ ಬಿಡಿಸಿ ಹೇಳಿದರು. ಆಮೇಲೆ ಹೇಳಿದ ಮಾತು ಇದು: ‘ನನ್ನ ಹೆಸರು ಸರಿಯಾಗಿ ಬರಿಯಪ್ಪ. ರೇಷನ್ ಕಾರ್ಡಲ್ಲಿ ತಪ್ಪು ಬರ್ದವ್ರೆ.’

ದುಂಡಗೆ ಬರೆದೆ. ಅವರಪ್ಪನ ಹೆಸರನ್ನೂ ಸೇರಿಸಿದೆ. ಓದಿ ಹೇಳಿದೆ. ತಲೆ ಬಗ್ಗಿಸಿ ಕೇಳಿಸಿಕೊಂಡರು, ಮಂತ್ರ ಕೇಳಿದ ಹಾಗೆ.

ಐದಾರು ತಿಂಗಳಾಗಿರಬೇಕು. ಟೈಪು ಮಾಡಿದ ಪಟ್ಟಿ ಹಿಡಿದುಕೊಂಡು ಜನ ಬಂದರು. ಹದಿನಾಲ್ಕು ಹೆಸರಿತ್ತು. ಉಳಿದವರದ್ದು ಅಲ್ಲೊಂದು ಇಲ್ಲೊಂದು ತಪ್ಪಿತ್ತು, ‘ಅದು ನಾನಲ್ಲ ಸ್ವಾಮಿ’ ಅಂತ ಇಬ್ಬರು ತಪ್ಪಿಸಿಕೊಂಡರು ಕೂಡ. ಅಜ್ಜನ ಹೆಸರು ಮಾತ್ರ ಸರಿಯಾಗಿತ್ತು. ಎತ್ತು ದೊಡ್ಡಿಗೆ ಹೋದವು. ದಂಡ ಕಟ್ಟಿ ಬಿಡಿಸಿಕೊಳ್ಳಲು ಸಾಲ, ಸಾಲ ತೀರಿಸಲು ಒಂದು ಎತ್ತು ಮಾರಿದರು. ಒಂಟಿ ಎತ್ತು ಕಟ್ಟಿಕೊಂಡು ಏನು ಉಳುತ್ತಾರೆ? ಇನ್ನೊಂದು ಮುಂದಿನ ಸಂತೆಗೆ ಹೋಯಿತು.

ನನ್ನನ್ನು ಒಂದು ದಿನವೂ ಬೈಯಲಿಲ್ಲ. ಮುಂಚೆ ನಾನು ಆ ಕಡೆ ಹೋದರೆ ‘ಬಾರಪ್ಪ, ಮಜ್ಜಿಗೆ ಕುಡ್ದು ಹೋಗು’ ಅನ್ನುತ್ತಿದ್ದರು. ಆಮೇಲೆ ‘ಚೆನ್ನಾಗಿದೀಯಾ’ ಅಷ್ಟೇ.

ನಾನು ಸುಳ್ಳು ಬರೆದಿರಲಿಲ್ಲ. ಇವತ್ತಿಗೂ ಆ ಹಾಳೆ ಸಿಕ್ಕರೆ ಒಂದಕ್ಷರ ತಪ್ಪು ಹುಡುಕೋಕೆ ಆಗಲ್ಲ. ಈ ಹಾಳೆ ಎಲ್ಲಿಗೆ ಹೋಗುತ್ತೆ ಅಂತ ಕೊಟ್ಟವರನ್ನು ನಾನು ಕೇಳಲಿಲ್ಲ. ಅಜ್ಜನೂ ನನ್ನನ್ನು ಕೇಳಲಿಲ್ಲ. ಅವರು ಕೇಳದೇ ಇದ್ದದ್ದು ನನ್ನ ಮೇಲಿನ ನಂಬಿಕೆಯಿಂದ. ನಾನು ಕೇಳದೇ ಇದ್ದದ್ದು ಯಾಕೆ ಅಂತ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಕೂಲಿ ಹೋಗಿಬಿಡುತ್ತೆ ಅಂತಲೇ ಇರಬೇಕು.

ನೀವು ಸಲಹೆ ಕೇಳಿದ್ದೀರಿ. ನನ್ನ ಹತ್ತಿರ ಇರೋದು ಇಷ್ಟು.
— ಹೈಸ್ಕೂಲ್ ಮೇಷ್ಟ್ರು, ಪಾವಗಡ ತಾಲೂಕು

*

ಇತಿಹಾಸಪ್ರಿಯರೊಬ್ಬರು ಆರು ಪುಟ ಬರೆದಿದ್ದಾರೆ. ನಮ್ಮ ಪ್ರಶ್ನೆಗೆ ತಾಗುವಷ್ಟು ಇಲ್ಲಿದೆ.

*

...ಕಾವಲುಗಳ ಕಥೆ ಮೈಸೂರು ಅರಸರಿಂದ ಶುರುವಾಗುತ್ತೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಸರ ದನ ನೋಡಿಕೊಳ್ಳುವ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರು. ಅಮೃತ ಮಹಲ್ ಎಂಬ ಹೆಸರು ಬಂದಿದ್ದು ಟಿಪ್ಪುವಿನಿಂದ. ಆಗ ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಅಂತ ವಿಂಗಡಿಸಿದ್ದರು. ನೆರಳು, ನೀರು ಇರುವ ಕಡೆ ಬೇಸಿಗೆ ಕಾವಲು. ಕಾಲಕ್ಕೆ ತಕ್ಕ ಹಾಗೆ ಸರ್ಕಾರದ ದನವೇ ಜಾಗ ಬದಲಿಸುತ್ತಿತ್ತು. ಇವತ್ತು ಅದೇ ಕೆಲಸ ಮಾಡಿದರೆ ತಾತ ಕಳ್ಳ!
— ಓದುಗ, ತಿಪಟೂರು

*

ಚುಕ್ಕಿ ಅಳಿಸುವ ವಿಷಯದಲ್ಲಿ ಪಶುವೈದ್ಯರೊಬ್ಬರ ಮಾತು ಗಮನಿಸಬೇಕಾದ್ದು.

*

ಅಳಿಸಬೇಡಿ. ತಾತನಿಗೋಸ್ಕರವೇ ಅಳಿಸಬೇಡಿ.

ಏಪ್ರಿಲ್‌ನಲ್ಲಿ ಕಾವಲಿನ ಹುಲ್ಲು ಬರೀ ಕಡ್ಡಿ. ಮೇವಿನಲ್ಲಿ ಪ್ರೋಟೀನು ನೂರಕ್ಕೆ 7ಕ್ಕಿಂತ ಕೆಳಗಿಳಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತೆ. ಒಳಗಿನದು ಕರಗದೆ ಹಸು ಮುಂದಕ್ಕೆ ತಿನ್ನುವುದೂ ಕಡಿಮೆ. ಹೊಟ್ಟೆ ಗುಡಾಣ, ಪಕ್ಕೆಲುಬು ಎಣಿಸಬಹುದು. 300 ಕೆಜಿ ಹಸುವಿಗೆ ದಿನಕ್ಕೆ ಆರೇಳು ಕೆಜಿ ಒಣ ಮೇವು ಹೋಗಬೇಕು. ಹಗಲು ಬಿಸಿಲಿಗೆ ಅದು ಮರದಡಿ ನಿಂತು ಮೆಲುಕು ಹಾಕುತ್ತೆ. ಮೇಯೋದು ತಂಪು ಹೊತ್ತಲ್ಲಿ.

ಈಗ ನೀವು ರಾತ್ರಿ ಚುಕ್ಕಿ ಅಳಿಸಿದಿರಿ ಅಂತಿಟ್ಟುಕೊಳ್ಳಿ. ‘ಈ ಹಸು ಬೇಸಿಗೆಯಲ್ಲೂ ಕಾವಲಿನ ಹುಲ್ಲಲ್ಲೇ ಬದುಕಿದೆ’ ಅಂತ ವರದಿ ಹೇಳುತ್ತೆ. ಹಾಗಾದರೆ ಇನ್ನಷ್ಟು ಬೇಲಿ ಹಾಕಬಹುದು ಅಂತ ಯಾರೋ ಓದಿಕೊಳ್ತಾರೆ. ತಾತನ ಕಷ್ಟಕ್ಕೆ ಇರುವ ಒಂದೇ ಸಾಕ್ಷಿ ಆ ಚುಕ್ಕಿಗಳು.

ಹೆಸರು ಬೇಕಿಲ್ಲ. ಹಸುವಿಗೆ ನಂಬರ್ ಕೊಡಿ. ಊರು, ತೋಪು ಗುರುತು ಸಿಗದ ಹಾಗೆ ‘ಕೊಟ್ಟಿಗೆಯಿಂದ ಇಷ್ಟು ದೂರ’ ಅಂತ ಹಾಕಿ. ಮೂಲ ಫೈಲು ಯಾರ ಕೈಗೆ ಹೋಗುತ್ತೆ ಅಂತ ನಿಮ್ಮ ಮೇಲಿನವರನ್ನು ಬರವಣಿಗೆಯಲ್ಲಿ ಕೇಳಿ. ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ.
— ಪಶುವೈದ್ಯ, ಗೌರಿಬಿದನೂರು

*

ಇಷ್ಟಾದರೂ ಒಬ್ಬರನ್ನು ಯಾರೂ ಕೇಳಿರಲಿಲ್ಲ. ಗುಬ್ಬಿ ತಾಲೂಕಿನ ಪಿಯುಸಿ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ.

*

ನಮ್ಮ ತಾತನೂ ದನ ಕಾಯ್ತಾರೆ. ನಿಮ್ಮ ಪತ್ರ ಓದಿ ಹೇಳಿದೆ. ‘ಪಟ್ಟಿ ರಾತ್ರೀನೂ ನೋಡ್ತದಾ?’ ಅಂತ ಎರಡು ಸಲ ಕೇಳಿದರು. ಆಮೇಲೆ ಬೀಡಿ ಹಚ್ಚಿ, ‘ಮೊದ್ಲು ಅವನಿಗೆ ಹೇಳಕ್ಕೇಳು. ಹಸು ಅವಂದು’ ಅಂದರು.

*

ಕೊನೆಯದಾಗಿ, ಇದೇ ಕೆಲಸ ಮಾಡಿದ ಅಕ್ಕನೊಬ್ಬರ ಪತ್ರ.

*

ನಾನು ಮಧುಗಿರಿ ಕಡೆ, ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿನ ಸುತ್ತಮುತ್ತ ಎರಡು ವರ್ಷ ಹೀಗೇ ಅಲೆದಿದ್ದೇನೆ. ಒಂದು ಮೀಟರ್ ಚೌಕಟ್ಟು ಇಟ್ಟು, ಒಳಗಿನ ಹುಲ್ಲು ಕತ್ತರಿಸಿ, ಒಣಗಿಸಿ ತೂಗೋದು. ನಮ್ಮಮ್ಮನೂ ಕೇಳುತ್ತಿದ್ದರು, ‘ಹುಲ್ಲು ಕೊಯ್ಯೋಕೆ ಅಷ್ಟು ದೂರ ಹೋಗ್ಬೇಕಾ, ನಮ್ಮ ಹೊಲದಲ್ಲಿಲ್ವಾ?’ ಅಂತ. ಉತ್ತರ ಕೊಡೋಕೆ ಹೋಗಬೇಡಿ, ಸಂಬಳದಲ್ಲಿ ಒಂದು ಸೀರೆ ತನ್ನಿ.

ತಾತನಿಗೆ ತೋರಿಸೋದಾದರೆ ಸಂಜೆ ಹಾಲು ಕರೆದಾದ ಮೇಲೆ ಹೋಗಿ. ಗಾರ್ಡ್ ಓಡಾಡೋ ಹೊತ್ತಲ್ಲಿ ಬೇಡ. ಫೋನಲ್ಲಿ ನಕ್ಷೆ ದೊಡ್ಡದು ಮಾಡಿ, ಮೊದಲು ಹಳ್ಳ ತೋರಿಸಿ. ಹಳ್ಳ ಸಿಕ್ಕರೆ ಉಳಿದದ್ದೆಲ್ಲ ಅವರೇ ಹೇಳ್ತಾರೆ. ನಾನು ತೋರಿಸಿದ ಅಜ್ಜಿ ನನ್ನ ನಕ್ಷೆಯಲ್ಲೇ ತಪ್ಪು ಹಿಡಿದಿದ್ದರು. ‘ಇಲ್ಲಿ ಮೇಯ್ತಿಲ್ಲ ಕಣವ್ವ, ಇಲ್ಲಿ ನೀರಿಗೆ ಕಾಯ್ಕೊಂಡು ನಿಂತದೆ’ ಅಂದರು. ತಾತ ಪಟ್ಟಿ ಬಿಚ್ಚು ಅಂದರೆ ಬಿಚ್ಚಿಬಿಡಿ. ಒಂದು ಹಸು ಕಡಿಮೆ ಆದರೆ ಸಂಶೋಧನೆ ನಿಲ್ಲಲ್ಲ.

ಇನ್ನೊಂದು. ಊಬಿನ ಹುಲ್ಲಲ್ಲಿ ನಡೆಯುವಾಗ ಕಾಲುಚೀಲದ ಮೇಲೆ ಹಳೇ ಪ್ಯಾಂಟಿನ ಬಟ್ಟೆ ಸುತ್ತಿಕೊಳ್ಳಿ. ಚುಚ್ಚಿಕೊಂಡ ಊಬನ್ನು ಬೆರಳಲ್ಲಿ ಕೀಳಬೇಡಿ, ಮೊನೆ ಮುರಿದು ಒಳಗೇ ಉಳಿಯುತ್ತೆ. ಹೇನು ಬಾಚುವ ಬಾಚಣಿಗೆ ಬ್ಯಾಗಲ್ಲಿರಲಿ.
— ಒಬ್ಬ ಅಕ್ಕ, ಕೊರಟಗೆರೆ