ಶುಗರ್ ಇರುವ ಅಕ್ಕನಿಗೆ ಫ್ಲೂ ಇಂಜೆಕ್ಷನ್: ಶುಗರ್ ಇಳಿಯೋವರೆಗೂ ಕಾಯಬೇಕಾ?

ನಾಲೆ ಏರಿ, ಮಂಡ್ಯ:
ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ವಿಷಯ ಕೇಳಬೇಕಿತ್ತು. ಅಕ್ಕನಿಗೆ 58 ವರ್ಷ. 14 ವರ್ಷದಿಂದ ಶುಗರ್ ಇದೆ, ನಾಲ್ಕು ವರ್ಷದಿಂದ ಇನ್ಸುಲಿನ್ ಮೇಲಿದ್ದಾಳೆ. ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇರೋದು. ನಮ್ಮದು ವಿ.ಸಿ. ನಾಲೆ ಬಯಲಿನ ಊರು, ಕಬ್ಬು, ಭತ್ತ ಎರಡೂ ಇದೆ.

ಹೋದ ವರ್ಷ ಆಷಾಢದಲ್ಲಿ ಜಡಿಮಳೆ ಹಿಡಿದಾಗ ಮನೆಮಂದಿಗೆಲ್ಲ ಜ್ವರ ಬಂತು. ಮೊದಲು ಮಗ ಸ್ಕೂಲಿಂದ ತಂದ. ಆಮೇಲೆ ನನಗೆ, ಕೊನೆಗೆ ಅಕ್ಕನಿಗೆ. ನಾವಿಬ್ಬರೂ ನಾಲ್ಕೈದು ದಿನಕ್ಕೆ ಎದ್ದು ಓಡಾಡಿದೆವು. ಅಕ್ಕ ಏಳಲಿಲ್ಲ. ಊಟ ಸೇರುತ್ತಿಲ್ಲ ಅಂತ ಇನ್ಸುಲಿನ್ ಚುಚ್ಚಿಕೊಳ್ಳೋದನ್ನೇ ಬಿಟ್ಟಳು. "ತಿನ್ನದೇ ಇದ್ರೆ ಶುಗರ್ ಎಲ್ಲಿಂದ ಬರುತ್ತೋ" ಅಂದಳು. ನನಗೂ ಸರಿ ಅನ್ನಿಸಿತು. ಅವ್ವ ಶುಂಠಿ, ಮೆಣಸು, ನಮ್ಮದೇ ಆಲೆಮನೆ ಬೆಲ್ಲ ಹಾಕಿ ಕಷಾಯ ಕಾಯಿಸಿ ಹೊತ್ತು ಹೊತ್ತಿಗೂ ಒಂದೊಂದು ಲೋಟ ಕುಡಿಸಿದಳು. ಮೂರನೇ ದಿನ ಬೆಳಗ್ಗೆ ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ 438. ಒಂದೇ ಸಮ ಏದುಸಿರು. ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ಫ್ಲೂ, ಜೊತೆಗೆ ನ್ಯುಮೋನಿಯಾ ಅಂದರು. ಏಳು ದಿನ ಆಸ್ಪತ್ರೆಯಲ್ಲಿದ್ದೆವು. ಬೆಂಚಿನ ಮೇಲೆ ಕೂತು ಅವಳ ಉಸಿರು ಎಣಿಸಿದ ಆ ಎರಡು ರಾತ್ರಿ ಇನ್ನೂ ಮರೆತಿಲ್ಲ.

ಈ ಸಲ ಮಳೆಗೆ ಮುಂಚೆಯೇ ಇಂಜೆಕ್ಷನ್ ಹಾಕಿಸೋಣ ಅಂತ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. "ಮೂರು ತಿಂಗಳ ಸರಾಸರಿ ಶುಗರ್ (HbA1c) 9.2 ಇದೆ, 7ಕ್ಕೆ ಇಳಿಸಿಕೊಂಡು ಬನ್ನಿ" ಅಂದು ವಾಪಸ್ ಕಳಿಸಿದರು. ಅಷ್ಟು ಇಳಿಯುವ ಹೊತ್ತಿಗೆ ಮಳೆಗಾಲವೇ ಕಳೆದಿರುತ್ತೆ, ಅಲ್ವಾ? ಅಕ್ಕನಿಗೆ ಬೇರೆ, ಇಂಜೆಕ್ಷನ್ನಿಂದಲೇ ಫ್ಲೂ ಬರುತ್ತೆ ಅನ್ನೋ ಭಯ. ತಿಳಿದವರು, ಹಾಕಿಸಿಕೊಂಡವರು ದಯವಿಟ್ಟು ಹೇಳಿ.

ರಿಟೈರ್ಡ್ ಸಿಸ್ಟರ್, ಮೈಸೂರು:
ತಮ್ಮಾ, ಕಾಯಬೇಡಿ. 31 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ಹೇಳುತ್ತಿದ್ದೇನೆ. ಶುಗರ್ ಜಾಸ್ತಿ ಇರುವವರಿಗೇ ಇದು ಹೆಚ್ಚು ಬೇಕಾದದ್ದು. ಶುಗರ್ ಏರಿದ್ದಾಗ ರಕ್ತದ ಬಿಳಿ ಕಣಗಳು ಸೋಂಕಿನ ಜೊತೆ ಸರಿಯಾಗಿ ಹೋರಾಡುವುದಿಲ್ಲ. ಹಾಗಾಗಿ ಇಂಥವರಿಗೆ ಫ್ಲೂ ಬೇಗ ನ್ಯುಮೋನಿಯಾಕ್ಕೆ ತಿರುಗುತ್ತೆ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಶುಗರ್ ಇರುವ ಎಲ್ಲರೂ ಪ್ರತಿ ವರ್ಷ ಹಾಕಿಸಿಕೊಳ್ಳಿ ಅಂತಲೇ ಹೇಳುವುದು. 7ಕ್ಕೆ ಇಳಿದ ಮೇಲೆ ಅನ್ನುವ ಷರತ್ತು ಅದರಲ್ಲಿಲ್ಲ. ಆ ದಿನ ಜೋರು ಜ್ವರ ಇದ್ದರೆ ಮಾತ್ರ ವಾಸಿಯಾಗುವವರೆಗೆ ತಡೆಯಿರಿ. ಹಿಂದೆ ಫ್ಲೂ ಇಂಜೆಕ್ಷನ್ನಿಗೆ ಜೋರಾಗಿ ಅಲರ್ಜಿ ಆಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಅಕ್ಕನಿಗೆ ಹೀಗೆ ಹೇಳಿ: ಆ ಸೂಜಿಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ತೋಳು ನೋಯುತ್ತೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೇ. ಮೂಗಿಗೆ ಬಿಡುವ ಲಸಿಕೆಯೂ ಒಂದಿದೆ. ಅದರಲ್ಲಿ ಬಲ ಕುಗ್ಗಿಸಿದ ಜೀವಂತ ವೈರಸ್ ಇರುತ್ತೆ, ಅದು ಅಕ್ಕನಿಗೆ ಬೇಡ. ಇಂಜೆಕ್ಷನ್ನೇ ಆಗಬೇಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹೋದ ವರ್ಷ ಅಕ್ಕನನ್ನು ಕೆಡವಿದ್ದು ಬರೀ ಫ್ಲೂ ಅಲ್ಲ, ಇನ್ಸುಲಿನ್ ಬಿಟ್ಟದ್ದು ಕೂಡ. ಜ್ವರ ಬಂದಾಗ ಮೈ ಒಳಗೆ ಒತ್ತಡದ ಹಾರ್ಮೋನುಗಳು ಏರುತ್ತವೆ. ಹೊಟ್ಟೆಗೆ ಏನೂ ಹೋಗದಿದ್ದರೂ ಲಿವರ್ ತಾನೇ ಸಕ್ಕರೆ ಮಾಡಿ ರಕ್ತಕ್ಕೆ ಸುರಿಯುತ್ತೆ. ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನು ಕರಗಿಸಲು ಹೊರಟರೆ ರಕ್ತದಲ್ಲಿ ಕೀಟೋನು ಅನ್ನುವ ಆಮ್ಲ ತುಂಬಿಕೊಳ್ಳುತ್ತೆ. ನಿಮಗೆ ಬಂದ ಕಳಿತ ಹಣ್ಣಿನ ವಾಸನೆ ಅದೇ. ಡೋಸ್ ಎಷ್ಟು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಜ್ವರದ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿ. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಜ್ವರ ವಾಂತಿ ಇದ್ದಾಗ ಅದನ್ನು ನಿಲ್ಲಿಸಬೇಕಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಮನೆಗೆ ಜ್ವರ ತಂದದ್ದು ಮಗ ಅಂತ ಬರೆದಿದ್ದೀರಿ. ಅವನಿಗೂ ನಿಮಗೂ ಹಾಕಿಸಿ. ಅವ್ವನಿಗೆ 65 ದಾಟಿರುತ್ತೆ, ಅವರಿಗೂ ಬೇಕು.

ಮಾತ್ರೆ ಅಂಗಡಿ, ಮೈಸೂರು:
ಸಿಸ್ಟರ್ ಹೇಳಿದ್ದು ಸರಿ. ಅಂಗಡಿಯವನಾಗಿ ನನ್ನದೊಂದು ಕಳಕಳಿ ಇದೆ. ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಬಿಸಿಯೂ ಆಗಬಾರದು, ಹೆಪ್ಪೂ ಗಟ್ಟಬಾರದು. ಹೋದ ತಿಂಗಳು ಒಬ್ಬರು ಬೇರೆ ಕಡೆ ಕೊಂಡು, ಬರೀ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಬಸ್ಸಿನಲ್ಲಿ ಬಂದಿದ್ದರು. ಡಬ್ಬ ಮುಟ್ಟಿದರೆ ಬೆಚ್ಚಗಿತ್ತು. ಅಷ್ಟು ದುಡ್ಡು ಕೊಟ್ಟವರಿಗೆ ಅದನ್ನು ಹಾಕಿಸಿಕೊಳ್ಳಬೇಡಿ ಅನ್ನಲು ಹೊಟ್ಟೆ ಉರಿಯಿತು. ಕೊಂಡು ಒಯ್ಯಬೇಡಿ. ಫ್ರಿಜ್ ಇರುವ ಕಡೆಯೇ ಹೋಗಿ, ಅಲ್ಲೇ ತೆಗೆಸಿ, ಅಲ್ಲೇ ಹಾಕಿಸಿಕೊಳ್ಳಿ.

ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತೆ. ಹಳೇ ಸ್ಟಾಕ್ ಕೊಟ್ಟರೆ ಬೇಡ ಅನ್ನಿ. ಮೂರು ತಳಿಯದು ಒಳ್ಳೇದಾ ನಾಲ್ಕು ತಳಿಯದಾ ಅಂತ ಬಹಳ ಜನ ಕೇಳುತ್ತಾರೆ. ಆ ನಾಲ್ಕನೆಯದು, ಬಿ ಯಮಗಾಟ, 2020ರ ಮಾರ್ಚ್ ಆದ ಮೇಲೆ ಎಲ್ಲೂ ಖಚಿತವಾಗಿ ಕಂಡಿಲ್ಲ. ಮೂರರದು ಸಿಕ್ಕರೂ ಚಿಂತೆ ಬೇಡ.

ಇದು ಮಕ್ಕಳಿಗೆ ಹಾಕುವ ಹಿಬ್ ಲಸಿಕೆ ಅಲ್ಲ. ಅದರ ಹೆಸರಿನಲ್ಲೂ ಇನ್‌ಫ್ಲುಯೆಂಜಾ ಅಂತ ಇರೋದರಿಂದ ಕೆಲವರಿಗೆ ಗೊಂದಲ ಆಗುತ್ತೆ. ಅದು ಬ್ಯಾಕ್ಟೀರಿಯಾದ್ದು, ಬೇರೆಯೇ.

ಕುಕ್ಕರಹಳ್ಳಿ ಕೆರೆ ಏರಿ:
ನನಗೂ ಶುಗರ್, ಒಂಬತ್ತು ವರ್ಷ. ಐದು ಸಲ ಹಾಕಿಸಿಕೊಂಡಿದ್ದೇನೆ. ಹೋದ ಸಲ ಹಾಕಿಸಿದ ರಾತ್ರಿ ಎಡಗಡೆ ಮಗ್ಗುಲಾಗಿ ಮಲಗೋಕೆ ಆಗಲಿಲ್ಲ. ಬೆಳಗಿನ ಶುಗರ್ ಎರಡು ದಿನ 130ರ ಬದಲು 160ರ ಹತ್ತಿರ ಇತ್ತು, ಮೂರನೇ ದಿನ ತಾನಾಗೇ ಇಳಿಯಿತು. ಹಾಕಿಸಿದ ವರ್ಷವೂ ಒಮ್ಮೆ ಜ್ವರ ಬಂದಿದೆ, ಸುಳ್ಳು ಹೇಳಲ್ಲ. ಆದರೆ ಮನೆಯಲ್ಲೇ ಕಳೆಯಿತು. ಇಂಜೆಕ್ಷನ್ನಿನ ಬಲ ಬರೋಕೆ ಎರಡು ವಾರ ಬೇಕು, ಮಳೆ ಹಿಡಿಯುವ ಮುಂಚೆಯೇ ಹೋಗಿ. ಆಮೇಲೂ ಜ್ವರ ಬಂದರೆ ಕಷಾಯ ಅಂತ ಕೂರಬೇಡಿ. ಫ್ಲೂ ಮಾತ್ರೆ, ಆಸೆಲ್ಟಾಮಿವಿರ್, ಡಾಕ್ಟರು ಬರೆದುಕೊಟ್ಟರೆ ಮೊದಲ ಎರಡು ದಿನದೊಳಗೆ ಶುರು ಮಾಡಿದರೇ ಚೆನ್ನಾಗಿ ಕೆಲಸ ಮಾಡೋದು.

ನಾಲೆ ಏರಿ, ಮಂಡ್ಯ:
ಎಲ್ಲರಿಗೂ ತುಂಬಾ ಉಪಕಾರವಾಯಿತು. ನಿನ್ನೆ ಅಕ್ಕ, ಅವ್ವ, ಮಗ, ನಾನು ನಾಲ್ಕೂ ಜನ ಮೈಸೂರಿಗೇ ಹೋಗಿ ಹಾಕಿಸಿಕೊಂಡು ಬಂದೆವು. ಖರ್ಚು ಏಳು ಸಾವಿರ ದಾಟಿತು. ಹೋದ ವರ್ಷದ ಆಸ್ಪತ್ರೆ ಬಿಲ್ಲಿನ ಮುಂದೆ ಅದು ಏನೂ ಅಲ್ಲ.

ಅಕ್ಕ ಸೀದಾ ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ನಾಲ್ಕು ವರ್ಷದಿಂದ ದಿನಾ ಅಲ್ಲೇ ಚುಚ್ಚಿಕೊಂಡ ಅಭ್ಯಾಸ. "ಇದು ತೋಳಿಗಮ್ಮಾ, ಮಾಂಸಖಂಡಕ್ಕೆ ಹೋಗಬೇಕು" ಅಂದರು ಅಲ್ಲಿನ ಸಿಸ್ಟರ್. ಫ್ರಿಜ್ಜಿನಿಂದ ಡಬ್ಬ ತೆಗೆದು ತಾರೀಖು ತೋರಿಸಿದರು. ಅರ್ಧ ಎಂಎಲ್, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅಕ್ಕ ಹತ್ತಿ ಒತ್ತಿ ಹಿಡಿದುಕೊಂಡೇ "ಇಷ್ಟೇನಾ" ಅಂದಳು.

ಈವತ್ತು ತೋಳು ನೋವಿದೆ, ಜ್ವರ ಇಲ್ಲ. ಬೆಳಗಿನ ಶುಗರ್ 171, ಅವಳಿಗೆ ಅದು ಮಾಮೂಲೇ. ಇನ್ಸುಲಿನ್ ಬಗ್ಗೆ ಡಾಕ್ಟರ ಹತ್ತಿರ ಬರೆಸಿಕೊಂಡು ಬಂದ ಚೀಟಿಯನ್ನು ಅಡುಗೆಮನೆ ಕ್ಯಾಲೆಂಡರಿಗೆ ಪಿನ್ ಮಾಡಿದ್ದೇನೆ. ಅವ್ವನಿಗೂ ಹೇಳಿದ್ದೇನೆ, ಕಷಾಯ ಕಾಯಿಸು, ಬೆಲ್ಲ ಮಾತ್ರ ಬೇಡ ಅಂತ. ಬೆಲ್ಲ ಇಲ್ಲದೆ ಅದು ಗಂಟಲಲ್ಲಿ ಇಳಿಯುತ್ತೇನೋ ಅಂತ ಗೊಣಗುತ್ತಲೇ ಒಪ್ಪಿದ್ದಾಳೆ.

ಸಿಸ್ಟರ್, ಅಕ್ಕನಿಗೆ ನ್ಯುಮೋನಿಯಾ ಲಸಿಕೆ ಕೂಡ ಹಾಕಿಸಿ ಅಂದರು ಅಲ್ಲಿ. ಅದು ಪ್ರತಿ ವರ್ಷವೂ ಬೇಕಾ?

ರಿಟೈರ್ಡ್ ಸಿಸ್ಟರ್, ಮೈಸೂರು:
ಬೇಡ ತಮ್ಮಾ, ಅದು ಪ್ರತಿ ವರ್ಷದ್ದಲ್ಲ. ಅದರಲ್ಲಿ ಒಂದೆರಡು ಬಗೆ ಇದೆ, ಎಷ್ಟು ಡೋಸ್ ಅನ್ನೋದು ಅದರ ಮೇಲೆ ಹೋಗುತ್ತೆ. ಮುಂದಿನ ಸಲ ಶುಗರ್ ಡಾಕ್ಟರ ಹತ್ತಿರ ಹೋದಾಗ ಕೇಳಿ ಹಾಕಿಸಿಬಿಡಿ. ಅಕ್ಕನ ತೋಳಿಗೆ ತಣ್ಣೀರು ಬಟ್ಟೆ ಇಡಿ, ಉಜ್ಜಬೇಡಿ.