ಕಸ್ಟಮ್ ರೈಫಲ್‌ಗೆ ಯಾವ ತೋಟಾ? ತಲೆ ಕೆಟ್ಟು ಹೋಗಿದೆ

ಗುಡ್ಡದಕೋವಿ:
ನಮಸ್ಕಾರ ಎಲ್ಲರಿಗೂ. ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಅಂತ ಒಂದು ಕಸ್ಟಮ್ ರೈಫಲ್ ಮಾಡಿಸುತ್ತಿದ್ದೇನೆ. ಜಾಗ ಅಮೆರಿಕದ ಕೊಲರಾಡೋ, ಗನಿಸನ್ ಕಡೆಯ ಗುಡ್ಡಗಳು. ದೂರದ ಈಡು ಹೊಡೆಯಬೇಕು. ಗನ್‌ಸ್ಮಿತ್ ಮತ್ತೆ ಮತ್ತೆ ಫೋನ್ ಮಾಡಿ "ಯಾವ ತೋಟಾಕ್ಕೆ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಕೊರೆಯಲಿ?" ಅಂತ ಪ್ರಾಣ ತಿನ್ನುತ್ತಿದ್ದಾನೆ. ಯೂಟ್ಯೂಬ್ ನೋಡಿದರೆ ಒಬ್ಬೊಬ್ಬರದು ಒಂದೊಂದು ಪುರಾಣ. ಒಂದೇ ಒಂದು ಹೆಸರು ಹೇಳಿ ಸಾಕು. ಬಜೆಟ್ ತೊಂದರೆ ಇಲ್ಲ (ಹೆಂಡತಿ ಇಲ್ಲಿ ಬಂದು ಓದುವುದಿಲ್ಲ).

ಮುನ್ನೂರುಮ್ಯಾಗ್:
300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್ ತೋಟಾ). ಮುಗೀತು. 1963ರಿಂದ ಎಲ್ಕ್ ಬೀಳಿಸುತ್ತಾ ಬಂದಿದೆ. ವಿಮಾನದಲ್ಲಿ ನಿಮ್ಮ ತೋಟಾ ಪೆಟ್ಟಿಗೆ ಬರಲಿಲ್ಲ ಅಂತ ಇಟ್ಟುಕೊಳ್ಳಿ. ಬೇಟೆ ಸಾಮಾನು ಮಾರುವ ಸಣ್ಣ ಊರಿನ ಅಂಗಡಿಯಲ್ಲೂ ಇದು ಸಿಗುತ್ತೆ. ಈಗಿನ ಫ್ಯಾಷನ್ ತೋಟಾಗಳನ್ನು ಎಲ್ಲಿ ಹುಡುಕುತ್ತೀರಿ?

ಏಳುಎಂಎಂಶೆಟ್ರು:
ಮುನ್ನೂರು ಸಾಹೇಬ್ರು ಬಂದರು, ಇನ್ನು ಕೇಳಬೇಕೇ. ಗುಡ್ಡದಕೋವಿ ಅವರೇ, ಕಣ್ಣು ಮುಚ್ಚಿಕೊಂಡು 7 ಪಿಆರ್‌ಸಿ ಕೊರೆಸಿ. 2022ರಲ್ಲಿ ಹಾರ್ನಡಿ ತೋಟಾ ಕಂಪನಿಯವರು ತಂದದ್ದು. ಉದ್ದನೆಯ, ಗಾಳಿ ಸೀಳುವ ಗುಂಡಿಗೆ ಅಂತಲೇ ಮಾಡಿದ ಚೇಂಬರ್. 175 ಗ್ರೇನ್ (ಸುಮಾರು 11 ಗ್ರಾಂ) ಗುಂಡು ಸೆಕೆಂಡಿಗೆ 3000 ಅಡಿ ವೇಗದಲ್ಲಿ ಹೊರಡುತ್ತೆ. 500 ಗಜದಲ್ಲೂ ಸುಮಾರು 2100 ಅಡಿ-ಪೌಂಡ್ ಶಕ್ತಿ ಉಳಿದಿರುತ್ತೆ. ಮುನ್ನೂರರ ಹಾಗೆ ಹಿಂಭಾಗದಲ್ಲಿ ಬೆಲ್ಟ್ (ಉಬ್ಬಿದ ಪಟ್ಟಿ) ಇಲ್ಲ, ತೋಟಾ ಚೇಂಬರಿನಲ್ಲಿ ತನ್ನ ಭುಜದ ಮೇಲೆ ನಿಲ್ಲುತ್ತೆ.

ಮುನ್ನೂರುಮ್ಯಾಗ್:
ಬೆಲ್ಟ್ ಇದ್ದರೆ ಎಲ್ಕ್ ಬೀಳಲ್ವಾ ಶೆಟ್ರೇ? ಹಾಲಂಡ್ ಅಂಡ್ ಹಾಲಂಡ್‌ನವರು 1912ರಲ್ಲೇ .375 ತೋಟಾಕ್ಕೆ ಬೆಲ್ಟ್ ಹಾಕಿದ್ದರು. ಆಫ್ರಿಕಾದ ಆನೆ ಬಂದು ಕಂಪ್ಲೇಂಟ್ ಕೊಟ್ಟಿಲ್ಲ.

ಏಳುಎಂಎಂಶೆಟ್ರು:
ಬೀಳಲ್ಲ ಅಂತ ಯಾರಂದರು? ಹೊಡೆದ ಕೇಸನ್ನು (ತೋಟಾದ ಖಾಲಿ ಕೊಳವೆ) ಮತ್ತೆ ಮತ್ತೆ ತುಂಬಿದರೆ ಬೆಲ್ಟಿನ ಮೇಲ್ಗಡೆ ಉಬ್ಬಿಕೊಂಡು ಚೇಂಬರಿನಲ್ಲಿ ಸರಿಯಾಗಿ ಕೂರಲ್ಲ. ನೀವು ಅಂಗಡಿ ತೋಟಾ ಹೊಡೆಯುವವರು, ನಿಮಗೆ ಈ ಕಷ್ಟ ಗೊತ್ತಿಲ್ಲ.

ಬೋಲ್ಟ್‌ಭಟ್ಟ:
ಆ್ಯಕ್ಷನ್ (ಬೋಲ್ಟ್ ಓಡಾಡುವ ಭಾಗ) ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ?

ಮುನ್ನೂರುಮ್ಯಾಗ್:
ಅಂಗಡಿ ತೋಟಾನಾ? ನನ್ನ ಗ್ಯಾರೇಜಿನಲ್ಲಿ ತೋಟಾ ತುಂಬುವ ಎರಡು ಪ್ರೆಸ್ ಇವೆ. ಎಚ್-1000 ಮದ್ದು, ಫೆಡರಲ್ 215 ಪ್ರೈಮರ್ (ಮದ್ದಿಗೆ ಕಿಡಿ ಕೊಡುವುದು). 26 ಇಂಚು ನಳಿಗೆ, ಕಾರ್ಬನ್ ಸುತ್ತಿದ್ದು, ಮೇಲೆ ನೈಟ್‌ಫೋರ್ಸ್ ಸ್ಕೋಪ್. ಫೋಟೋ ಹಾಕಲಾ?

ತೆಳುಗಾಳಿ:
ಫೋಟೋ ಆಮೇಲೆ ಹಾಕಿ ಸರ್. "ದೂರ" ಅಂದರೆ ಎಷ್ಟು ಗುಡ್ಡದಕೋವಿ ಅವರೇ? 300 ಮೀಟರಾ, 600 ಮೀಟರಾ? ಚೇಂಬರ್ ಹೆಸರಿಗಿಂತ ಮುಖ್ಯವಾದದ್ದು ಗುಂಡು ಪ್ರಾಣಿಗೆ ತಾಗುವಾಗ ಎಷ್ಟು ವೇಗದಲ್ಲಿರುತ್ತೆ ಅನ್ನೋದು. ಹಾರ್ನಡಿಯ ಇಎಲ್‌ಡಿ-ಎಕ್ಸ್ ಥರದ ಬೇಟೆ ಗುಂಡು ಅರಳಬೇಕಾದರೆ 1600 ಅಡಿ ವೇಗವಾದರೂ ಬೇಕು. ಪೂರ್ತಿ ತಾಮ್ರದ ಗುಂಡಿಗೆ ಅದಕ್ಕಿಂತ ಜಾಸ್ತಿ. ಕಡಿಮೆ ಆದರೆ ಸೂಜಿ ಚುಚ್ಚಿದ ಹಾಗೆ ಹಾದು ಹೋಗುತ್ತೆ, ಪಾಪದ ಪ್ರಾಣಿ ಕಾಡೆಲ್ಲ ಅಲೆದು ಸಾಯುತ್ತೆ. ಇನ್ನೊಂದು ವಿಷಯ. 9000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಮುಕ್ಕಾಲು ಭಾಗ ಮಾತ್ರ. ಗುಂಡಿನ ವೇಗ ನಿಧಾನವಾಗಿ ಇಳಿಯುತ್ತೆ, ಬೀಳುವುದೂ ಕಡಿಮೆ. ಟೆಕ್ಸಾಸ್‌ನ ಬಯಲಲ್ಲಿ ಬರೆದಿಟ್ಟ ಡ್ರಾಪ್ ಚೀಟಿ (ಎಷ್ಟು ದೂರಕ್ಕೆ ಗುಂಡು ಎಷ್ಟು ಇಳಿಯುತ್ತೆ ಅನ್ನೋ ಪಟ್ಟಿ) ಹಿಡಿದುಕೊಂಡು ಗನಿಸನ್‌ಗೆ ಬರಬೇಡಿ. ಗುಂಡು ಎಲ್ಕ್ ಬೆನ್ನ ಮೇಲಿಂದ ಹಾರಿ ಹೋಗುತ್ತೆ.

ಮಿಲ್‌ರಾಜ:
ಬೇರೆಯವರೆಲ್ಲ ಗಜದಲ್ಲಿ ಮಾತಾಡುತ್ತಿದ್ದಾರೆ, ನೀವು ಮೀಟರ್ ಅಂತೀರಿ. 600 ಮೀಟರ್ ಅಂದರೆ 656 ಗಜ. ರೇಂಜ್‌ಫೈಂಡರ್ ಒಂದರಲ್ಲಿ, ಚೀಟಿ ಇನ್ನೊಂದರಲ್ಲಿ ಇಟ್ಟುಕೊಂಡು ಎಷ್ಟು ಜನ ಗುರಿ ತಪ್ಪಿದ್ದಾರೆ ಗೊತ್ತಾ? ಮತ್ತೆ ದಯವಿಟ್ಟು ಸ್ಕೋಪ್ ಸರಿಪಡಿಸೋಕೆ ಎಂಒಎ ಅನ್ನೋ ಕೋನದ ಅಳತೆ ಬಿಡಿ, ಮಿಲ್ ಅಳತೆ ಕಲಿಯಿರಿ.

ಮುನ್ನೂರುಮ್ಯಾಗ್:
ಮಿಲ್ ಯಾಕೆ ಸ್ವಾಮಿ, ನಮಗೆ ಎಂಒಎ ಸಾಕು. ನೂರು ಗಜಕ್ಕೆ ಒಂದು ಇಂಚು, ಲೆಕ್ಕ ಸುಲಭ.

ಮಿಲ್‌ರಾಜ:
1.047 ಇಂಚು. ಸಾವಿರ ಗಜದಲ್ಲಿ ಆ "ಸುಲಭ" ಒಂದೊಂದು ಎಂಒಎಗೂ ಅರ್ಧ ಇಂಚು ಮೋಸ ಮಾಡುತ್ತೆ.

ಏಳುಎಂಎಂಶೆಟ್ರು:
ಎಲ್ಕ್‌ನ ಎದೆ ಎಷ್ಟು ಅಗಲ ಇರುತ್ತೆ ಗೊತ್ತಾ ರಾಜರೇ? ಅರ್ಧ ಇಂಚಿಗೆ ಜಗಳ ಆಡ್ತೀರಲ್ಲ.

ಗುಡ್ಡದಕೋವಿ:
ನಾನು ಕೇಳಿದ್ದೇನು, ಇಲ್ಲಿ ನಡೆಯುತ್ತಿರುವುದೇನು? ದೂರ ಅಂದರೆ 400 ಗಜ, ಗಾಳಿ ಇಲ್ಲದಿದ್ದರೆ 500. ರೇಂಜಿನಲ್ಲಿ ಮಲಗಿಕೊಂಡು ಅಷ್ಟು ದೂರ ಹೊಡೆದ ಅಭ್ಯಾಸ ಇದೆ. ಗನ್‌ಸ್ಮಿತ್‌ಗೆ 7 ಪಿಆರ್‌ಸಿ ಅಂದೆ. "ನಿಮ್ಮ ಆ್ಯಕ್ಷನ್‌ಗೆ ಆಗಲ್ಲ" ಅಂತ ಫೋನ್ ಇಟ್ಟುಬಿಟ್ಟ. ಯಾಕೆ ಆಗಲ್ಲ ಅಂತ ಹೇಳಲೂ ಇಲ್ಲ.

ಬೋಲ್ಟ್‌ಭಟ್ಟ:
ಇದನ್ನೇ ಆಗಲೇ ಕೇಳಿದ್ದು. ಯಾವ ಆ್ಯಕ್ಷನ್?

ಗುಡ್ಡದಕೋವಿ:
ರೆಮಿಂಗ್ಟನ್ 700, ಇನ್ನೇನು. ಎಲ್ಲರ ಹತ್ತಿರವೂ ಅದೇ ಇರುತ್ತಲ್ವಾ. ಮೊದಲು .308 ಆಗಿತ್ತು. ನಾನು ಎಡಗೈಯವನು, ಎಡಗೈ ಬೋಲ್ಟ್ ಇದ್ದದ್ದು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಹಿಡಿದುಕೊಂಡೆ. ನಳಿಗೆಯೂ ಬಂದಾಗಿದೆ. 7 ಎಂಎಂ ಬ್ಲ್ಯಾಂಕ್ (ಚೇಂಬರ್ ಇನ್ನೂ ಕೊರೆಯದ ನಳಿಗೆ), 8 ಇಂಚಿಗೆ ಒಂದು ತಿರುವು.

ಬೋಲ್ಟ್‌ಭಟ್ಟ:
ಅಯ್ಯೋ ಮಾರಾಯ್ರೆ! ಮೇಲಿನ ಅರ್ಧ ಜಗಳ ಇಲ್ಲಿಗೆ ಮುಗೀತು. ನಳಿಗೆ 7 ಎಂಎಂ ಅಂದ ಮೇಲೆ, ಅದಕ್ಕಿಂತ ದಪ್ಪ ಗುಂಡಿನ ಮುನ್ನೂರು ಸಾಹೇಬ್ರ ಮಾತು ಪಕ್ಕಕ್ಕಿಡಿ. .308 ಇದ್ದದ್ದು ಅಂದರೆ ಶಾರ್ಟ್ ಆ್ಯಕ್ಷನ್. ಅದರ ಮ್ಯಾಗಜೀನ್ ಪೆಟ್ಟಿಗೆಯ ಒಳಗೆ ಸುಮಾರು 2.85 ಇಂಚು ಜಾಗ. 7 ಪಿಆರ್‌ಸಿ ತೋಟಾದ ಪೂರ್ತಿ ಉದ್ದ 3.340 ಇಂಚಿನವರೆಗೆ ಇರುತ್ತೆ. ಅದು ಪೆಟ್ಟಿಗೆಗೆ ಇಳಿಯುವುದೇ ಇಲ್ಲ. ಎರಡನೆಯದು ಬೋಲ್ಟ್ ಮುಖ. ನಿಮ್ಮದು .473 ಇಂಚಿನ ರಿಮ್ (ತೋಟಾದ ತಳದ ಅಂಚು) ಹಿಡಿಯುತ್ತೆ. ಪಿಆರ್‌ಸಿಗೆ .532 ಬೇಕು. ಮುಖ ಕೊರೆದು ದೊಡ್ಡದು ಮಾಡಬಹುದು, ಆದರೆ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಹೊರಗೆಳೆಯುವ ಕೊಕ್ಕೆ) ಬೇರೆ ಹಾಕಬೇಕು. ಎಡಗೈ ಬೋಲ್ಟ್ ಬೇರೆ, ಅಷ್ಟು ಸುಲಭಕ್ಕೆ ಹೊಸದೂ ಸಿಗಲ್ಲ.

ಗನ್‌ಸ್ಮಿತ್ ಸರಿಯಾಗೇ ಹೇಳಿದ್ದಾನೆ. ಬಾಯಿ ಬಿಟ್ಟು ಹೇಳೋಕೆ ಸೋಮಾರಿತನ ಅಷ್ಟೆ.

ಏಳುಎಂಎಂಶೆಟ್ರು:
ಹಾಗಾದರೆ ಆ್ಯಕ್ಷನ್ ಮಾರಿ, ಲಾಂಗ್ ತಗೊಳ್ಳಿ. 7 ಪಿಆರ್‌ಸಿ ಬಿಟ್ಟರೆ ಜೀವನಪೂರ್ತಿ ಕೊರಗುತ್ತೀರಿ.

ತೆಳುಗಾಳಿ:
400 ಗಜಕ್ಕೆ ಯಾಕೆ ಶೆಟ್ರೇ? 7ಎಂಎಂ-08 ಇದೆಯಲ್ಲ. .308ರ ಕುತ್ತಿಗೆ ಬಿಗಿ ಮಾಡಿದ್ದು ತಾನೇ, ಅದೇ ಬೋಲ್ಟ್ ಮುಖ, ಉದ್ದ 2.80 ಇಂಚು. 150 ಗ್ರೇನ್ ಗುಂಡು 2770 ಅಡಿ ವೇಗದಲ್ಲಿ ಹೊರಟರೆ ಗನಿಸನ್‌ನ ಆ ಎತ್ತರದ ತೆಳು ಗಾಳಿಯಲ್ಲಿ 400 ಗಜದಲ್ಲಿ 1500 ಅಡಿ-ಪೌಂಡಿಗಿಂತ ಜಾಸ್ತಿಯೇ ಇರುತ್ತೆ. ಎಲ್ಕ್‌ಗೆ ಜನ ಹೇಳುವ ಲೆಕ್ಕ ಅದೇ. ಕೊಲರಾಡೋ ನಿಯಮಕ್ಕಂತೂ .24 ಕ್ಯಾಲಿಬರ್, 85 ಗ್ರೇನ್, 100 ಗಜದಲ್ಲಿ 1000 ಅಡಿ-ಪೌಂಡ್ ಇದ್ದರೆ ಸಾಕು. 500 ಗಜಕ್ಕೆ ಮಾತ್ರ ಇದು ಸ್ವಲ್ಪ ಸೊರಗುತ್ತೆ, ಅದನ್ನು ಮುಚ್ಚಿಡಲ್ಲ. ಅಲ್ಲಿಗೆ ಇನ್ನೂ ನೂರು ಗಜ ಹತ್ತಿರ ಹೋಗಿ. ಒದೆತವೂ ಕಡಿಮೆ, ಮಜಲ್ ಬ್ರೇಕ್ (ಒದೆತ ತಗ್ಗಿಸಿ ಸದ್ದು ಹೆಚ್ಚಿಸುವ ನಳಿಗೆ ತುದಿ) ಇಲ್ಲದೆ ಹೊಡೆಯಬಹುದು. ಪಕ್ಕದಲ್ಲಿ ಕೂತವನ ಕಿವಿ ಉಳಿಯುತ್ತೆ.

ಹಳೆಮದ್ದು:
.284 ವಿಂಚೆಸ್ಟರ್ ಯಾರಿಗೂ ನೆನಪಾಗಲಿಲ್ಲವಾ? 1963ರದ್ದು. ದೇಹ ದಪ್ಪ, ರಿಮ್ ಮಾತ್ರ .473. ನಿಮ್ಮ ಬೋಲ್ಟಿಗೆ ಹಾಗೇ ಕೂರುತ್ತೆ. ಕೈಯಾರೆ ತುಂಬುವವರಿಗೆ ಬೊಂಬಾಟ್ ಚೇಂಬರ್.

ಬೋಲ್ಟ್‌ಭಟ್ಟ:
ಒಳ್ಳೆಯದೇ. ಆದರೆ ಉದ್ದನೆಯ ಗುಂಡು ಹಾಕಿದರೆ 2.85 ಇಂಚಿನೊಳಗೆ ಗುಂಡು ಮದ್ದಿನ ಜಾಗಕ್ಕೇ ನುಗ್ಗುತ್ತೆ. ಅಂಗಡಿಯಲ್ಲಿ ತೋಟಾವೂ ಅಪರೂಪ. ರೀಲೋಡ್ ಮಾಡ್ತೀರಾ ಗುಡ್ಡದಕೋವಿ?

ಗುಡ್ಡದಕೋವಿ:
ಇಲ್ಲ. ಅಪಾರ್ಟ್‌ಮೆಂಟು. ಮದ್ದು ಇಡೋಕೆ ಬಿಡಲ್ಲ.

ಬೋಲ್ಟ್‌ಭಟ್ಟ:
ಇದನ್ನೂ ಈಗ ಹೇಳ್ತೀರಾ. ಹಾಗಾದರೆ 7ಎಂಎಂ-08, ಬೇರೆ ಮಾತೇ ಇಲ್ಲ. ನೀವು ಹೊಡೆಯೋ ತೋಟಾದ ಒಂದು ಪೆಟ್ಟಿಗೆ ಮೊದಲೇ ತಗೊಳ್ಳಿ. ಅದೇ ಗುಂಡನ್ನು ಅದೇ ಉದ್ದಕ್ಕೆ ಕೂರಿಸಿ, ಮದ್ದು, ಪ್ರೈಮರ್ ಯಾವುದೂ ಇಲ್ಲದ ಡಮ್ಮಿ ಒಂದನ್ನು ಗನ್‌ಸ್ಮಿತ್‌ನಿಂದಲೇ ಮಾಡಿಸಿ. ಗುಂಡಿಗೆ ಮಾರ್ಕರ್ ಪೆನ್ ಬಳಿದು ಚೇಂಬರಿಗೆ ಹಾಕಿ ತೆಗೆದರೆ, ರೈಫ್ಲಿಂಗ್ (ನಳಿಗೆಯೊಳಗಿನ ಸುರುಳಿ ಗೆರೆ) ತಾಗಿದ ಕಡೆ ಮಸಿ ಕೆರೆದು ಸಣ್ಣ ಗೀಟು ಕಾಣುತ್ತೆ. ಗೀಟು ಬಿದ್ದರೆ ಥ್ರೋಟ್ (ಚೇಂಬರ್ ಮುಂದೆ ರೈಫ್ಲಿಂಗ್ ಇಲ್ಲದ ಭಾಗ) ಇನ್ನಷ್ಟು ಉದ್ದ ಕೊರೆಯಬೇಕು. ಮ್ಯಾಗಜೀನಿಂದ ತಳ್ಳುವಾಗ ಪ್ಲಾಸ್ಟಿಕ್ ತುದಿ ಚಪ್ಪಟೆ ಆಗುತ್ತಾ ಅಂತಲೂ ನೋಡಿ.

ಕಾಫಿತೋಟ:
ಮಧ್ಯೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ನಾನು ಮಡಿಕೇರಿ ಕಡೆಯವನು. ಇಂಥ ರೈಫಲ್ ಇಲ್ಲಿಗೆ ತರಿಸಬಹುದಾ? ತೋಟದಲ್ಲಿ ಹಂದಿ ಕಾಟ.

ಹಳೆಮದ್ದು:
1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋ ಮಾತೇ ಬೇಡ. ಹಂದಿಗೆ ಅರಣ್ಯ ಇಲಾಖೆಯವರನ್ನು ಕೇಳಿ. ಕೈಲ್ ಪೊಳ್ದ್ (ಕೊಡವರ ಆಯುಧ ಹಬ್ಬ) ದಿನ ತೆಂಗಿನಕಾಯಿಗೆ ಗುರಿ ಇಡೋಕೆ ಮನೆಯಲ್ಲಿರುವ ಕೋವಿಯೇ ಸಾಕು.

ಮುನ್ನೂರುಮ್ಯಾಗ್:
ಕಾರ್ಬನ್ ನಳಿಗೆಯ ಫೋಟೋ ಹಾಕಿದ್ದೇನೆ ನೋಡಿ. ಸ್ಟಾಕ್ ಮೇಲಿನ ಬಣ್ಣ ನಾನೇ ಹೊಡೆದದ್ದು.

ಗುಡ್ಡದಕೋವಿ:
ಗನ್‌ಸ್ಮಿತ್‌ಗೆ 7ಎಂಎಂ-08 ಅಂತ ಹೇಳಿದೆ. "ಈಗ ಸರಿ" ಅಂದ. ತೋಟಾ ಪೆಟ್ಟಿಗೆ ನಾಳೆ ಕೊಟ್ಟು ಬರ್ತೀನಿ. ಭಟ್ರೇ, ತೆಳುಗಾಳಿಯವರೇ, ಥ್ಯಾಂಕ್ಸ್.

ಏಳುಎಂಎಂಶೆಟ್ರು:
7 ಪಿಆರ್‌ಸಿನೇ ಮಾಡಿಸಬೇಕಿತ್ತು.