ಮಕ್ಕಳನ್ನು ಕರೆದುಕೊಂಡು ಆರು ತಿಂಗಳು ಹೊರದೇಶ: ಶಾಲೆ, ವೀಸಾ, ಊಟ ಹೇಗೆ?

ದ್ರಾಕ್ಷಿತೋಟ, ಚಿಕ್ಕಬಳ್ಳಾಪುರ:

ಎಲ್ಲರಿಗೂ ನಮಸ್ಕಾರ. ಹೆಂಡತಿ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ನನ್ನದು ದ್ರಾಕ್ಷಿ ತೋಟ, ಈ ವರ್ಷ ತಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದಾನೆ. ಮಗಳು ನಾಲ್ಕನೇ ಕ್ಲಾಸು, ಮಗನಿಗೆ ಆರು ವರ್ಷ. ಬರುವ ಜೂನ್‌ನಿಂದ ಆರು ತಿಂಗಳು ನಾಲ್ಕು ಜನವೂ ಹೊರದೇಶದಲ್ಲಿ ಇದ್ದು ಬರೋಣ ಅಂತ ಆಸೆ. ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ, ಕಾಂಬೋಡಿಯಾ, ಬಾಲಿ, ಸಾಧ್ಯವಾದರೆ ಜಪಾನ್ ಕೂಡ. ದೇವನಹಳ್ಳಿ ಏರ್‌ಪೋರ್ಟ್ ಬೆಂಗಳೂರಿನವರಿಗಿಂತ ನಮಗೇ ಹತ್ತಿರ, ಆದರೂ ಇಲ್ಲಿವರೆಗೆ ಅಲ್ಲಿಗೆ ಹೋಗಿರುವುದು ಬೇರೆಯವರನ್ನು ಬಿಡೋದಕ್ಕೆ ಮಾತ್ರ.

ಮಕ್ಕಳ ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ನಾವು ಸಸ್ಯಾಹಾರಿಗಳು. ಅಮ್ಮ ಮಾತ್ರ "ಮಕ್ಕಳ ಓದು ಹಾಳು ಮಾಡ್ತಿದ್ದೀರ" ಅಂತ ದಿನಾ ಶುರು ಮಾಡುತ್ತಾರೆ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಗುಬ್ಬಿ ಅಮ್ಮ, ತುಮಕೂರು:

ಸರ್, ನಾವು ಹೋಗಿ ಬಂದಿದ್ದೇವೆ, ಇಬ್ಬರು ಮಕ್ಕಳ ಜೊತೆ. ಮೊದಲು ಆ ಲಿಸ್ಟಿನಲ್ಲಿ ಅರ್ಧ ಹೊಡೆದುಹಾಕಿ. ಆರು ತಿಂಗಳಿಗೆ ಆರು ದೇಶ ಅಂದರೆ ಮಕ್ಕಳಿಗೆ ಸಿಗುವುದು ಬರೀ ಏರ್‌ಪೋರ್ಟು ಮತ್ತು ಬ್ಯಾಗು. ಮೂರು ಊರು ಸಾಕು. ನೋಡುವ ಜಾಗ ಎಷ್ಟಿದೆ ಅಂತ ದೇಶ ಆರಿಸಬೇಡಿ, ಎಷ್ಟು ದಿನ ಇರಲು ಬಿಡುತ್ತಾರೆ ಅಂತ ನೋಡಿ ಆರಿಸಿ.

ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಸಲ ಒಳಗೆ ಹೋಗುವುದಕ್ಕೆ ತಲೆಗೆ 25 ಡಾಲರ್, ಮಕ್ಕಳಿಗೂ ಬೇರೆ ಬೇರೆ ಅರ್ಜಿ. ಥಾಯ್ಲೆಂಡ್ 2024ರ ಜುಲೈನಲ್ಲಿ ನಮ್ಮವರಿಗೆ ವೀಸಾ ಇಲ್ಲದೆ 60 ದಿನ ಮಾಡಿತು. ಅದನ್ನು ಇಳಿಸುವ ಮಾತು ಆಗಾಗ ಬರುತ್ತದೆ, ಹಾಗಾಗಿ ಟಿಕೆಟ್ ಬುಕ್ ಮಾಡುವ ದಿನವೇ ರಾಯಭಾರ ಕಚೇರಿಯ ಸೈಟ್ ನೋಡಿ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ವೀಸಾ ಇಲ್ಲದೆ 30 ದಿನ. ನಾನಾಗಿದ್ದರೆ ಜೂನ್‌ನಿಂದ ಆಗಸ್ಟ್ ವಿಯೆಟ್ನಾಂನ ಡಾನಾಂಗ್, ಸೆಪ್ಟೆಂಬರ್ ಮಲೇಷ್ಯಾದ ಪೆನಾಂಗ್, ಕೊನೆಗೆ ಥಾಯ್ಲೆಂಡಿನ ಚಿಯಾಂಗ್‌ಮಾಯ್. ಡಾನಾಂಗ್ ಕಡೆ ದೊಡ್ಡ ಮಳೆ, ಪ್ರವಾಹ ಎಲ್ಲ ಅಕ್ಟೋಬರ್, ನವೆಂಬರ್‌ನಲ್ಲಿ. ಅಷ್ಟರೊಳಗೆ ಜಾಗ ಖಾಲಿ ಮಾಡಿರಬೇಕು. ಚಿಯಾಂಗ್‌ಮಾಯ್‌ನಲ್ಲಿ ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೇ ನದಿಗೆ ದೀಪ ಬಿಡುವ ಹಬ್ಬ, ಮಕ್ಕಳು ಮರೆಯುವುದಿಲ್ಲ. ಜಪಾನ್ ಇನ್ನೊಂದು ಸಲ ನೋಡಿಕೊಳ್ಳಿ, ಖರ್ಚೂ ಜಾಸ್ತಿ, ವೀಸಾ ಕೆಲಸವೂ ಜಾಸ್ತಿ.

ಪಾಸ್‌ಪೋರ್ಟ್ ಮಾಡಿಸಿಲ್ಲ ಅಂದಿರಲ್ಲ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇರುತ್ತದೆ ಅಲ್ವಾ? ಅದನ್ನು ಬಿಡಿಸಿ ಬರೆಸಿ, ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ನನ್ನ ಗಂಡನ ಪಾಸ್‌ಪೋರ್ಟಿನಲ್ಲಿ ಅದು ಖಾಲಿ. ಟಿಕೆಟ್ ಸೈಟು ಸರ್‌ನೇಮ್ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ, ಹಾಗಾಗಿ ಹೆಸರನ್ನೇ ಎರಡು ಸಲ ಹಾಕಬೇಕು. ಕೌಂಟರ್‌ನಲ್ಲಿದ್ದ ಹುಡುಗಿ ಟಿಕೆಟ್ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ಯಾರನ್ನೋ ಕರೆದಳು, ಅವರು ಇನ್ಯಾರನ್ನೋ ಕರೆದರು. ಚಿಕ್ಕವನು ಅಷ್ಟರಲ್ಲಿ ಟ್ರಾಲಿ ಮೇಲೆ ನಿದ್ದೆ ಹೋಗಿದ್ದ. ಕೊಲ್ಲಿ ಕಡೆ ಇಳಿದು ಹೋಗುವ ಯೋಚನೆ ಇದ್ದರೆ ಇನ್ನೂ ಹುಷಾರು. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನೇ ನಿಲ್ಲಿಸಿತ್ತು. ಮಕ್ಕಳ ಅರ್ಜಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರ, ಅಂದರೆ ಅನೆಕ್ಷರ್ ಡಿ, ಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ.

ಊಟ. ವಿಯೆಟ್ನಾಂನಲ್ಲಿ ಮೀನಿನ ಸಾಸ್ ಎಲ್ಲದಕ್ಕೂ ಬೀಳುತ್ತದೆ, ಬರೀ ಸೊಪ್ಪು ಹುರಿದರೂ. ಬೋರ್ಡಿನ ಮೇಲೆ 'ಚಾಯ್' ಅಂತ ಇರುವ ಹೋಟೆಲ್ ಹುಡುಕಿ, ಅವು ಪೂರ್ತಿ ಸಸ್ಯಾಹಾರಿ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಅಲ್ಲಿನವರೂ ಮಾಂಸ ಬಿಡುತ್ತಾರೆ, ಆ ಹೋಟೆಲುಗಳಲ್ಲಿ ಅವತ್ತು ಜಾಗ ಸಿಗುವುದಿಲ್ಲ. ಆದರೆ ತಿಂಗಳ ಬಾಡಿಗೆಗೆ ಅಡುಗೆಮನೆ ಇರುವ ಮನೆ ಹಿಡಿದರೆ ಈ ಚಿಂತೆಯೇ ಇಲ್ಲ. ನಾನು ಐದು ಲೀಟರ್ ಕುಕ್ಕರ್ ಒಯ್ದಿದ್ದೆ. ನಕ್ಕವರೆಲ್ಲ ಆಮೇಲೆ ಬಿಸಿಬೇಳೆಬಾತ್‌ಗೆ ತಟ್ಟೆ ಹಿಡಿದರು.

ಅಜ್ಜಿಗೆ ಓದಿನ ಚಿಂತೆ ಅಂದಿರಿ. ನನ್ನ ಮಗಳಿಗೆ ಗಣಿತ ಅಂದರೆ ಅಳು. ಡಾನಾಂಗ್ ಸಂತೆಯಲ್ಲಿ ಹಣ್ಣಿನ ಅಂಗಡಿಯಮ್ಮ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುತ್ತಿದ್ದಳು: 60,000. ಅಲ್ಲಿನ ದುಡ್ಡು ಡಾಂಗ್, ಅದರಲ್ಲಿ ಮೂರು ಸೊನ್ನೆ ತೆಗೆದು ಮೂರರಿಂದ ಗುಣಿಸಿದರೆ ಹೆಚ್ಚುಕಮ್ಮಿ ನಮ್ಮ ರೂಪಾಯಿ. ಇವಳು ಬಾಯಲ್ಲೇ 180 ಅಂತ ಲೆಕ್ಕ ಹಾಕಿ, ಕ್ಯಾಲ್ಕುಲೇಟರ್ ಇಸಕೊಂಡು 40,000 ಒತ್ತಿ ವಾಪಸ್ ಕೊಡುತ್ತಿದ್ದಳು. ಆಯಮ್ಮ 50,000 ಒತ್ತುವಳು. ಇವಳು 45,000. ಒಂದೇ ಮಾತಿಲ್ಲ, ಇಬ್ಬರೂ ನಗುತ್ತಲೇ ಇರುತ್ತಿದ್ದರು. ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಇದ್ದದ್ದಕ್ಕೆ ಇದು ಆಯಿತು. ಮೂರು ದಿನಕ್ಕೆ ಬಂದು ಹೋಗುವವರ ಮಕ್ಕಳಿಗೆ ಯಾವ ಅಂಗಡಿಯಮ್ಮನೂ ಕ್ಯಾಲ್ಕುಲೇಟರ್ ಬಿಟ್ಟುಕೊಡುವುದಿಲ್ಲ.

ಮುಳಬಾಗಿಲು ಮೇಷ್ಟ್ರು, ಕೋಲಾರ:

ಶಾಲೆ ವಿಷಯ ಮಾತ್ರ ಹೇಳುತ್ತೇನೆ. ಸುಮ್ನೆ ಹೇಳದೆ ಹೋಗಬೇಡಿ. ಎಸ್‌ಎಟಿಎಸ್ ಅಂತ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ ಇದೆ, ಅದರಲ್ಲಿ ಮಗುವಿನ ಹೆಸರು ಇರುತ್ತದೆ, ಹಾಜರಿ ಇಲ್ಲದಿದ್ದರೆ ನಾವು ಮನೆ ಬಾಗಿಲಿಗೆ ಬರಲೇಬೇಕು. ಹೆಡ್‌ಮಾಸ್ಟರಿಗೆ ಪತ್ರ ಕೊಟ್ಟು ಮಾತಾಡಿ. ಕೆಲವರು ದೀರ್ಘ ರಜೆ ಅಂತ ಒಪ್ಪುತ್ತಾರೆ, ಕೆಲವರು ಟಿಸಿ ತಗೊಂಡು ಹೋಗಿ ಅನ್ನುತ್ತಾರೆ. ಖಾಸಗಿ ಶಾಲೆಯಾದರೆ ಸೀಟು, ಫೀಸು ಎರಡನ್ನೂ ಬರವಣಿಗೆಯಲ್ಲಿ ತಗೊಳ್ಳಿ, ಬಾಯಿಮಾತು ಬೇಡ.

ಟಿಸಿ ತಗೊಂಡರೂ ಹೆದರಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಇದು 6ರಿಂದ 14 ವರ್ಷದವರಿಗೆ. ರಾಜ್ಯದ ಪಠ್ಯಪುಸ್ತಕ ಎಲ್ಲವೂ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತದೆ, ಹೊರುವ ಕೆಲಸವಿಲ್ಲ. ಕನ್ನಡ ಮತ್ತು ಗಣಿತ ಬಿಡಬೇಡಿ. ಉಳಿದದ್ದನ್ನು ಬಂದ ಮೇಲೆ ಒಂದು ತಿಂಗಳಲ್ಲಿ ಹಿಡಿಸಬಹುದು. ಹೈಸ್ಕೂಲಿಗೆ ಬಂದ ಮೇಲೆ ಈ ಮಾತು ಹೇಳುತ್ತಿರಲಿಲ್ಲ.

ದ್ರಾಕ್ಷಿತೋಟ:

ಗುಬ್ಬಿ ಅಕ್ಕ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಹೆಂಡತಿ ಅಲ್ಲಿಂದಲೇ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಬಹುದಾ? ಬೈಕ್ ಬಾಡಿಗೆಗೆ ತಗೊಳ್ಳಬಹುದಾ?

ಬಂಗಾರಪೇಟೆ ಹುಡುಗ, ಈಗ ಕೌಲಾಲಂಪುರ:

ಟೂರಿಸ್ಟ್ ಆಗಿ ಬಂದು ಕೆಲಸ ಮಾಡುವಂತಿಲ್ಲ ಸರ್. ಬಹಳ ಜನ ಮಾಡುತ್ತಾರೆ, ಅದು ಬೇರೆ ಮಾತು. ಸರಿಯಾದ ದಾರಿ ಬೇಕಾದರೆ ಮಲೇಷ್ಯಾದಲ್ಲಿ ಹೊರದೇಶದ ಕಂಪನಿಗೆ ಆನ್‌ಲೈನ್‌ನಲ್ಲಿ ಕೆಲಸ ಮಾಡುವವರಿಗೆ ಡಿಇ ರಂತಾವ್ ಪಾಸ್ ಇದೆ, 3ರಿಂದ 12 ತಿಂಗಳು, ಮನೆಯವರನ್ನೂ ಸೇರಿಸಬಹುದು. ಐಟಿ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ತೋರಿಸಬೇಕು, ಬೇರೆಯವರಿಗೆ 60,000. ಅದಕ್ಕೂ ಮೊದಲು ಅವರ ಕಂಪನಿ ಒಪ್ಪಬೇಕು.

ಬೈಕು ವಿಯೆಟ್ನಾಂನಲ್ಲಿ ಬೇಡವೇ ಬೇಡ. ನಮ್ಮ ಆರ್‌ಟಿಓ ಕೊಡುವ ಇಂಟರ್‌ನ್ಯಾಷನಲ್ ಲೈಸೆನ್ಸ್ ದೇಶಗಳ ನಡುವಿನ 1949ರ ರಸ್ತೆ ಸಂಚಾರ ಒಪ್ಪಂದದ್ದು, ಅವರು ಒಪ್ಪುವುದು 1968ರದ್ದು. ಅಂಗಡಿಯವನು ಕೇಳದೆ ಕೀ ಕೊಡುತ್ತಾನೆ. ಬಿದ್ದು ಪೆಟ್ಟಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಲೈಸೆನ್ಸ್. ಗ್ರ್ಯಾಬ್ ಆ್ಯಪ್‌ನಲ್ಲಿ ಕಾರ್ ಕರೆಸಿ, ಮಕ್ಕಳ ಜೊತೆ ಅದೇ ನೆಮ್ಮದಿ.

ಗುಬ್ಬಿ ಅಮ್ಮ:

ಇವರು ಹೇಳಿದ್ದು ಸರಿ. ಇನ್ನೊಂದು, ಮಲೇಷ್ಯಾದಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಥಾಯ್ಲೆಂಡಿಗೂ 2025ರ ಮೇ ತಿಂಗಳಿಂದ ಅಂಥದ್ದೇ ಬಂದಿದೆ. ಎರಡೂ ಉಚಿತ. ದುಡ್ಡು ಕೇಳುವ ಸೈಟ್ ಬಂದರೆ ಮುಚ್ಚಿಬಿಡಿ.

ದ್ರಾಕ್ಷಿತೋಟ:

ಆಯ್ತು ಅಕ್ಕ, ಮೂರೇ ಊರು. ಜಪಾನ್ ಹೊಡೆದುಹಾಕಿದೆ, ಮಗಳು ಮುಖ ಊದಿಸಿಕೊಂಡಿದ್ದಾಳೆ. ಕೊನೇ ಪ್ರಶ್ನೆ ಅಮ್ಮನದು: ರಾಗಿ ಹಿಟ್ಟು ಎಷ್ಟು ಕೆಜಿ ಕಟ್ಟಲಿ ಅಂತ ಕೇಳುತ್ತಿದ್ದಾರೆ.

ಗುಬ್ಬಿ ಅಮ್ಮ:

ಡಾನಾಂಗ್‌ಗೆ ಬೇಕಾಗುವಷ್ಟು ಮಾತ್ರ, ಅದೂ ಲೇಬಲ್ ಇರುವ ಅಂಗಡಿ ಪ್ಯಾಕೆಟ್. ಮಿಲ್ಲಿನಲ್ಲಿ ಬೀಸಿ ಕವರಿಗೆ ಹಾಕಿದ ಹಿಟ್ಟು ಏನು ಅಂತ ಕಸ್ಟಮ್ಸ್‌ನವರಿಗೆ ವಿವರಿಸುತ್ತಾ ನಿಲ್ಲುವುದು ಬೇಡ. ಪೆನಾಂಗ್‌ನ ಲಿಟಲ್ ಇಂಡಿಯಾದಲ್ಲಿ ತಮಿಳರ ಅಂಗಡಿಗಳಿವೆ, ರಾಗಿ ಹಿಟ್ಟು ಅಲ್ಲೇ ಸಿಗುತ್ತದೆ.